ಕ್ರಾಸ್‌ಬೋ ಹಿಡಿಯಲಾ, ಚಕಮಕಿ ಕೋವಿ ಹಿಡಿಯಲಾ?

ಪ್ರಶ್ನೆ: ಊರು ಸಕಲೇಶಪುರದ ಕಡೆ, ಈಗ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದ್ದೇನೆ. ಪಕ್ಕದ ಮನೆಯವರು ಜಿಂಕೆ ಬೇಟೆಗೆ ಕರೆಯುತ್ತಿದ್ದಾರೆ. ಅವರು ಕ್ರಾಸ್‌ಬೋ (ಬಂದೂಕಿನ ಥರ ಹಿಡಿದು ಬಾಣ ಬಿಡುವ ಬಿಲ್ಲು) ಸುಲಭ ಅನ್ನುತ್ತಾರೆ, ಅವರಪ್ಪ ಮಾತ್ರ ಚಕಮಕಿ ಕಲ್ಲಿನ ಹಳೇ ಕೋವಿಯೇ ಚೆಂದ ಅನ್ನುತ್ತಾರೆ. ಯಾವುದರಿಂದ ಶುರು ಮಾಡಲಿ?

ಉತ್ತರ: ಮೊದಲು ಬೇಟೆಯ ಸುರಕ್ಷತಾ ತರಬೇತಿ ಮುಗಿಸಿ, ಅದಿಲ್ಲದೆ ಹೊಸಬರಿಗೆ ಲೈಸೆನ್ಸ್ ಸಿಗುವುದಿಲ್ಲ. ಆಮೇಲೆ ಕ್ರಾಸ್‌ಬೋ ಹಿಡಿಯಿರಿ. ಬಿಲ್ಲಿನ ಸೀಸನ್ನಿನಲ್ಲಿ ಅಲ್ಲಿ 2009ರಿಂದ ಅದಕ್ಕೂ ಅವಕಾಶವಿದೆ. ಗುರಿ ಬೇಗ ಕೂರುತ್ತದೆ. ಆದರೆ ಬಂದೂಕಿನ ಥರ ಇದೆ ಅಂತ ದೂರಕ್ಕೆ ಹೊಡೆಯಬೇಡಿ, ಮೂವತ್ತು ನಲವತ್ತು ಗಜದೊಳಗೆ ಬರುವ ತನಕ ಕಾಯಿರಿ, ಗಾಯಗೊಂಡ ಜಿಂಕೆ ಕತ್ತಲಲ್ಲಿ ನರಳುತ್ತಾ ಓಡುವುದು ತುಂಬಾ ಸಂಕಟದ ವಿಷಯ.

ಪಕ್ಕದ ಮನೆಯವರ ಅಪ್ಪ, ಆ ಅಜ್ಜ ಹೇಳುವ ಸೊಗಸು ಬೇರೆಯೇ. ಅಲ್ಲಿ ಕ್ರಿಸ್‌ಮಸ್ ಮರುದಿನ ಶುರುವಾಗುವ ಕೋವಿ ಬೇಟೆಯ ಸೀಸನ್ನಿಗೆ ಚಕಮಕಿ ಕಲ್ಲಿನ ಕೋವಿಯೇ ಆಗಬೇಕು, 1974ರಿಂದ ನಡೆದು ಬಂದಿದೆ. ನಮ್ಮ ಮಲೆನಾಡಿನ ಕೇಪಿನ (ಸಿಡಿಯುವ ಪುಟ್ಟ ಲೋಹದ ಟೋಪಿಯ) ಕೋವಿ ನೋಡಿದ್ದೀರಿ ಅಲ್ವಾ, ಅದರ ಹಿಂದಿನ ತಲೆಮಾರಿನದು ಇದು. ನಳಿಗೆಯ ಬಾಯಿಂದ ಮದ್ದು, ಗುಂಡು ತುಂಬಿ ಗಜದ ಕೋಲು ಹಾಕಿ ಒತ್ತಬೇಕು. ಕುದುರೆ ಎಳೆದರೆ ಕಿಡಿ ಹಾರಿ, ಹೊರಗಿನ ಪುಟ್ಟ ಬಟ್ಟಲಿನ ಮದ್ದು ಹೊತ್ತಿ, ಆಮೇಲೆ ಈಡು. ಆ ಒಂದು ಕ್ಷಣ ಕೈ ಅಲುಗಬಾರದು. ಹಿಮ ಬಿದ್ದು ಮದ್ದು ಒದ್ದೆಯಾದರೆ ಕೆಲಸ ಕೆಟ್ಟಿತು.

ಮೊದಲ ವರ್ಷ ಅಜ್ಜನ ಪಕ್ಕದಲ್ಲಿ ಸುಮ್ನೆ ಕೂತು ನೋಡಿ. ಮರದ ಮೇಲಿನ ಅಟ್ಟಣಿಗೆ ಹತ್ತುವಾಗ ಇಡೀ ಮೈಗೆ ಹಾಕುವ ಸುರಕ್ಷತಾ ಪಟ್ಟಿ (ಹಾರ್ನೆಸ್) ಕಟ್ಟಿಕೊಳ್ಳದೆ ಹತ್ತಬೇಡಿ. ಊರಿಗೆ ಬಂದಾಗ ಮಾತ್ರ ಈ ಆಸೆ ಬೇಡ, ಇಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಜಿಂಕೆ ಬೇಟೆ ಅಪರಾಧ.