ಅಜ್ಜನ ಕಿರ್ದಿ ಕಚ್ಚಾ ಲೆಕ್ಕ ಅಲ್ಲ

ಪ್ರಶ್ನೆ: ನಮ್ಮ ಅಜ್ಜ ದಾವಣಗೆರೆ ಮಂಡಿಪೇಟೆಯಲ್ಲಿ ದಲಾಲಿ ಅಂಗಡಿ ಇಟ್ಟಿದ್ದರು. ಅವರ ಕಿರ್ದಿ (ದಿನದ ಲೆಕ್ಕದ ಪುಸ್ತಕ), ಖತಾವಣಿ (ಹೆಸರುವಾರು ಖಾತೆಗಳ ಪುಸ್ತಕ) ಇನ್ನೂ ಅಟ್ಟದ ಮೇಲಿವೆ. ಬಿ.ಕಾಂ. ಓದುವ ಮಗಳು, ‘ದ್ವಿನಮೂದು ಪದ್ಧತಿ (ಪ್ರತಿ ವ್ಯವಹಾರವನ್ನು ಎರಡು ಕಡೆ ಬರೆಯುವ ಡಬಲ್ ಎಂಟ್ರಿ) ಕಂಡುಹಿಡಿದದ್ದು ಇಟಲಿಯ ಪಾಚೋಲಿ, 1494ರಲ್ಲಿ. ಅಜ್ಜನದು ಒಂದೇ ಕಡೆ ಬರೆಯುವ ಕಚ್ಚಾ ಲೆಕ್ಕ’ ಅನ್ನುತ್ತಾಳೆ. ನಿಜವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಎರಡು ಮಾತೂ ಸರಿಯಲ್ಲ. ಲೂಕಾ ಪಾಚೋಲಿ ಗಣಿತ ಕಲಿಸುತ್ತಿದ್ದ ಸನ್ಯಾಸಿ. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಅವನ ದೊಡ್ಡ ಗಣಿತ ಪುಸ್ತಕದಲ್ಲಿ ಲೆಕ್ಕ ಬರೆಯುವುದಕ್ಕೆ ಒಂದು ಭಾಗ ಇದೆ, ಅದರಲ್ಲೂ ತಾನು ಹೇಳುತ್ತಿರುವುದು ವೆನಿಸ್‌ನ ಪದ್ಧತಿ ಅಂತ ಅವನೇ ಬರೆದಿದ್ದಾನೆ. ಜಿನೋವಾ ನಗರದ 1340ರ ಖಾತೆ ಪುಸ್ತಕಗಳಲ್ಲೇ ಪ್ರತಿ ವ್ಯವಹಾರ ಎರಡು ಕಡೆ ದಾಖಲಾಗಿದೆ. ಕೊಟ್ರುಲ್ಯಿ ಎಂಬ ವರ್ತಕ 1458ರಲ್ಲೇ ಇದರ ಬಗ್ಗೆ ಬರೆದಿದ್ದ, ಆದರೆ ಅದು ಅಚ್ಚಾದದ್ದು 1573ರಲ್ಲಿ. ಮೊದಲು ಅಚ್ಚಾದವನಿಗೆ ಹೆಸರು ಬಂತು.

ಇನ್ನು ಅಜ್ಜನ ಲೆಕ್ಕ. ಕಿರ್ದಿಯಲ್ಲಿ ಎಡಕ್ಕೆ ಜಮಾ (ಬಂದದ್ದು), ಬಲಕ್ಕೆ ಖರ್ಚು (ಹೋದದ್ದು), ದಿನದ ಕೊನೆಗೆ ಶಿಲ್ಕು (ಕೈಯಲ್ಲಿ ಉಳಿದ ನಗದು). ಖತಾವಣಿಗೆ ಎತ್ತಿ ಬರೆಯುವಾಗ ಜಮಾ ಜಮಾಕ್ಕೇ, ಖರ್ಚು ಖರ್ಚಿಗೇ ಹೋಗುತ್ತದೆ. ಕಾಲೇಜಿನಲ್ಲಿ ಕ್ಯಾಶ್‌ಬುಕ್ಕಿನ ಡೆಬಿಟ್ ಪಾರ್ಟಿ ಖಾತೆಯಲ್ಲಿ ಕ್ರೆಡಿಟ್ ಆಗುತ್ತದಲ್ಲ, ಅದನ್ನು ಕಲಿತವರಿಗೆ ಇದು ಒಂದೇ ಕಡೆಯ ಬರವಣಿಗೆ ಅನ್ನಿಸೋದು ಸಹಜ. ಆದರೆ ಉದ್ರಿ ವ್ಯವಹಾರ ನೋಡಿ. ರೈತರ 500 ರೂಪಾಯಿಯ ಶೇಂಗಾ ಉದ್ರಿಗೆ ಮಾರಾಟ ಆಯ್ತು ಅನ್ನಿ. ನಗದು ಕೈಗೆ ಬಂದಿಲ್ಲ. ಆದರೂ ಕಿರ್ದಿಯಲ್ಲಿ ರೈತರ ಹೆಸರಿಗೆ 500 ಜಮಾ, ಖರೀದಿದಾರರ ಹೆಸರಿಗೆ 500 ಖರ್ಚು ಬೀಳುತ್ತದೆ, ಶಿಲ್ಕು ಇದ್ದಷ್ಟೇ ಇರುತ್ತದೆ. ಹೀಗೆ ಎಲ್ಲವೂ ಕಿರ್ದಿ ಮೂಲಕವೇ ಸಾಗಿದರೆ, ಖತಾವಣಿಯ ಜಮಾ ಬಾಕಿಗಳ ಒಟ್ಟಿನಲ್ಲಿ ಖರ್ಚು ಬಾಕಿಗಳ ಒಟ್ಟು ಕಳೆದಾಗ ಗಲ್ಲಾಪೆಟ್ಟಿಗೆಯ ಶಿಲ್ಕೇ ಬರಬೇಕು. ಬರಲಿಲ್ಲ ಅಂದ್ರೆ ಎಲ್ಲೋ ತಪ್ಪಿದೆ. ತಾಳೆ ನೋಡುವುದು ಅಂದ್ರೆ ಇದೇ ಅಲ್ವಾ? ಇದನ್ನು ಕಚ್ಚಾ ಅಂದ್ರೆ ನಾನಂತೂ ಒಪ್ಪಲ್ಲ.

ಇಟಲಿಯವರು ನಮ್ಮಿಂದಲೇ ಕಲಿತರು ಅನ್ನುವವರೂ ಇದ್ದಾರೆ. ಅದಕ್ಕೆ ಗಟ್ಟಿ ದಾಖಲೆ ಇಲ್ಲ, ಮಗಳ ಮುಂದೆ ಸುಮ್ನೆ ಆ ವಾದ ಹೂಡಬೇಡಿ. ನಮ್ಮ ವರ್ತಕರು, ಶಾನುಭೋಗರು ಕಡತದಲ್ಲಿ ಲೆಕ್ಕ ಬರೆಯುತ್ತಿದ್ದದ್ದು ಮಾತ್ರ ನಿಜ: ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ ಮಡಚಿ, ಬಳಪದಲ್ಲಿ ಬರೆಯೋದು. ಒರೆಸಿ ಮತ್ತೆ ಬರೆಯಬಹುದಿತ್ತು.

ಅಟ್ಟದಿಂದ ಯಾವುದಾದರೂ ಒಂದು ವರ್ಷದ ಕಿರ್ದಿ, ಖತಾವಣಿ ಇಳಿಸಿ ಮಗಳ ಕೈಯಲ್ಲೇ ತಾಳೆ ಮಾಡಿಸಿ. ವ್ಯತ್ಯಾಸ ಬಂದರೆ ಮೊದಲು ಹಿಂದಿನ ವರ್ಷದಿಂದ ತಂದ ಬಾಕಿಗಳನ್ನು ನೋಡಲಿ. ಗೆದ್ದಲು ಹಿಡಿಯುವ ಮುಂಚೆ ಪುಟಗಳ ಫೋಟೊನೂ ತೆಗೆದಿಡಿ.