ಎರಡನೆಯ ಪಂಪಿಗೂ ದುಡ್ಡು ಸುರಿಯುವ ಮುನ್ನ

ವಿಜಯಪುರದಲ್ಲಿ ರಬ್ಬರ್ ಬುಷ್ ಒತ್ತುವ ಹೈಡ್ರಾಲಿಕ್ ಪ್ರೆಸ್ ಇಟ್ಟುಕೊಂಡಿದ್ದೀರಿ, ಡಬಲ್ ಆಕ್ಟಿಂಗ್ ಸಿಲಿಂಡರ್, ಅಂದರೆ ಒತ್ತುವುದೂ ವಾಪಸಾಗುವುದೂ ಎಣ್ಣೆಯ ಒತ್ತಡದಿಂದಲೇ. ಮೋಟರ್ ಓಡುವಾಗ ಗೇಜ್ 150 ಬಾರ್ ಒತ್ತಡ ತೋರಿಸುತ್ತದೆ, ನಿಲ್ಲಿಸಿದ ಐದು ನಿಮಿಷದಲ್ಲಿ 60ಕ್ಕೆ ಇಳಿಯುತ್ತದೆ. ಗೇರ್ ಪಂಪ್ ಬದಲಿಸಿದರೂ ಹಾಗೆಯೇ ಇದೆ, ಹೊಸದೂ ಕೆಟ್ಟದ್ದೇ ಬಂದಿದೆಯೇ, ಇನ್ನೊಂದು ತರಲೇ ಎಂದು ಕೇಳಿದ್ದೀರಿ.

ತರಬೇಡಿ. ಬೆಳಗಾವಿಯ ಉದ್ಯಮಬಾಗದಲ್ಲಿ ಪವರ್ ಪ್ಯಾಕ್ (ಮೋಟರ್, ಪಂಪ್, ಎಣ್ಣೆ ಟ್ಯಾಂಕ್ ಸೇರಿದ ಘಟಕ) ರಿಪೇರಿಯಿಂದಲೇ ಹೊಟ್ಟೆ ಹೊರೆದವನು ನಾನು. ನನ್ನ ಅನುಮಾನ, ನೀವು ಬಿಚ್ಚಿ ಮೂಲೆಗಿಟ್ಟ ಹಳೆಯ ಪಂಪೂ ಚೆನ್ನಾಗಿಯೇ ಇದೆ.

ಬಾವಿಯ ಪಂಪ್‌ಸೆಟ್ಟನ್ನು ನೆನಪಿಸಿಕೊಳ್ಳಿ. ರಾತ್ರಿ ನಿಲ್ಲಿಸಿದ ಮೇಲೆ ಬೆಳಿಗ್ಗೆ ಪೈಪಿನಲ್ಲಿ ನೀರು ಉಳಿದಿಲ್ಲವೆಂದರೆ ಯಾವ ರೈತನೂ ಮೋಟರನ್ನು ಬಯ್ಯುವುದಿಲ್ಲ, ಫುಟ್‌ವಾಲ್ವ್ ಸೋರುತ್ತಿದೆ ಎನ್ನುತ್ತಾನೆ. ನಿಮ್ಮ ಪ್ರೆಸ್ಸಿನಲ್ಲೂ ಪಂಪ್ ಎಣ್ಣೆ ತಳ್ಳುತ್ತದೆ, ಅಷ್ಟೇ. ಅದು ನಿಂತ ಮೇಲೆ ಒತ್ತಡ ಹಿಡಿದುಕೊಳ್ಳುವ ಹೊಣೆ ಎಣ್ಣೆಯನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವಿನದು ಮತ್ತು ಸಿಲಿಂಡರಿನ ಸೀಲಿನದು. ಓಡುವಾಗ 150 ಮುಟ್ಟುತ್ತಿದೆಯಲ್ಲ, ಪಂಪಿನ ಲೆಕ್ಕ ಅಲ್ಲಿಗೆ ಚುಕ್ತಾ.

ಎಣ್ಣೆ ಯಾವ ಕಡೆಯಿಂದ ತಪ್ಪಿಸಿಕೊಳ್ಳುತ್ತಿದೆ ಎಂದು ಮೊದಲು ಪತ್ತೆಮಾಡಿ. ವಾಲ್ವುಗಳನ್ನು ಕೂರಿಸಿದ ವಾಲ್ವ್ ಬ್ಲಾಕಿಗೂ ಸಿಲಿಂಡರಿಗೂ ನಡುವೆ, ಒತ್ತುವ ಕಡೆಯ ಲೈನಿನಲ್ಲಿ, ಒಂದು ಬಾಲ್ ವಾಲ್ವ್ ಕೂರಿಸಿ. 315 ಬಾರ್ ತಾಳುವ ಉಕ್ಕಿನದೇ ಆಗಬೇಕು. ನಲ್ಲಿಗೆ ಹಾಕುವ ಹಿತ್ತಾಳೆಯ ವಾಲ್ವ್ ಹಾಕಿ ಜೀವಕ್ಕೆ ಅಪಾಯ ತಂದುಕೊಳ್ಳಬೇಡಿ. ಗೇಜ್ ಬಾಲ್ ವಾಲ್ವಿನಿಂದಾಚೆ, ಸಿಲಿಂಡರಿನ ಕಡೆಗಿರಲಿ. ಒತ್ತಡ ಏರಿಸಿ, ವಾಲ್ವ್ ಮುಚ್ಚಿ, ಮೋಟರ್ ನಿಲ್ಲಿಸಿ.

ಆಗಲೂ ಮುಳ್ಳು ಅದೇ ವೇಗದಲ್ಲಿ ಇಳಿದರೆ ದೋಷ ಸಿಲಿಂಡರಿನೊಳಗೆ. ಖಚಿತಪಡಿಸಿಕೊಳ್ಳಲು ಒತ್ತಡವನ್ನು ಪೂರ್ತಿ ಇಳಿಸಿ, ವಾಪಸಾಗುವ ಕಡೆಯ ಹೋಸ್ ಬಿಚ್ಚಿ ಕೆಳಗೆ ಡಬ್ಬಿ ಇಡಿ, ಆಮೇಲೆ ಒತ್ತುವ ಕಡೆಗೆ 30–40 ಬಾರ್ ಮಾತ್ರ ಕೊಡಿ. ಪೈಪಿನಲ್ಲಿದ್ದದ್ದು ಸುರಿದು ಮುಗಿದ ಮೇಲೂ ಸಿಲಿಂಡರಿನ ಬಾಯಿಂದ ಎಣ್ಣೆ ತೊಟ್ಟಿಕ್ಕುತ್ತಲೇ ಇದ್ದರೆ ಪಿಸ್ಟನ್ ಸೀಲ್ ಹೋಗಿದೆ. ಆ ಬಾಯಿಗೆ ಮಾತ್ರ ಡಮ್ಮಿ (ಮುಚ್ಚುವ ಬಿರಡೆ) ಹಾಕಿ ಬಿಗಿಯಬೇಡಿ. ರಾಡ್ ಇರುವ ಕಡೆ ಪಿಸ್ಟನ್ನಿನ ವಿಸ್ತೀರ್ಣ ಕಡಿಮೆ, ಆದ್ದರಿಂದ ಅಲ್ಲಿ ಸಿಕ್ಕಿಬಿದ್ದ ಎಣ್ಣೆಯ ಒತ್ತಡ ನೀವು ಕೊಟ್ಟದ್ದಕ್ಕಿಂತ ಬಹಳ ಹೆಚ್ಚಾಗಬಹುದು. ಹಾಗೆಯೇ ಸೋರಿಕೆಯನ್ನು ಬೆರಳಿನಿಂದ ಹುಡುಕಬೇಡಿ. ಕೂದಲೆಳೆಯಂಥ ಧಾರೆ ಚರ್ಮ ಸೀಳಿ ಒಳಗೆ ಹೋಗುತ್ತದೆ, ಗಾಯ ಚಿಕ್ಕದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಓಡಬೇಕಾಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ.

ಬಾಲ್ ವಾಲ್ವ್ ಮುಚ್ಚಿದಾಗ ಮುಳ್ಳು ನಿಂತರೆ ಸಿಲಿಂಡರ್ ನಿರ್ದೋಷಿ, ಕಳ್ಳ ವಾಲ್ವ್ ಬ್ಲಾಕಿನಲ್ಲಿದ್ದಾನೆ. ನನ್ನ ಅನುಭವದಲ್ಲಿ ಹೆಚ್ಚು ಸಲ ಸಿಕ್ಕಿದ್ದು ಇಲ್ಲಿಯೇ. ಗೋಕಾಕ ಕಡೆಯ ಗಿರಾಕಿಯೊಬ್ಬರಿಗೆ ನಿಮ್ಮದೇ ಕಾಯಿಲೆಗೆ ನಾನೂ ಪಂಪ್ ಬದಲಿಸಿ ಕೊಟ್ಟಿದ್ದೆ. ಎರಡನೇ ದಿನವೇ ಫೋನ್ ಬಂತು. ಹೋಗಿ ಚೆಕ್ ವಾಲ್ವ್ ಬಿಚ್ಚಿದರೆ ಅದು ಕೂತು ಮುಚ್ಚಿಕೊಳ್ಳುವ ಸೀಟಿನ ಮೇಲೆ ಉಗುರಿನ ಚೂರಿನಷ್ಟು ಟೆಫ್ಲಾನ್ ಟೇಪು. ಹಿಂದಿನ ರಿಪೇರಿಯಲ್ಲಿ ಆ ಟೇಪು ಸುತ್ತಿದವನು ನಾನೇ! ಪಂಪಿನ ದುಡ್ಡು ವಾಪಸು ಕೊಟ್ಟೆ. ಅಂದಿನಿಂದ ಹೈಡ್ರಾಲಿಕ್ ಕೆಲಸದಲ್ಲಿ ಆ ಟೇಪು ಮುಟ್ಟಿಲ್ಲ, ಬಾಂಡೆಡ್ ವಾಷರ್ (ರಬ್ಬರ್ ಅಂಟಿಸಿದ ಲೋಹದ ವಾಷರ್) ಅಥವಾ ಓ-ರಿಂಗ್ ಹಾಕುತ್ತೇನೆ. ನೀವು ಹೊಸ ಪಂಪ್ ಕೂರಿಸುವಾಗ ಏನು ಸುತ್ತಿದ್ದಿರಿ, ನೆನಪಿಸಿಕೊಳ್ಳಿ.

ಇನ್ನೊಂದು ಸಾಧ್ಯತೆಯೂ ಇದೆ. ಕೆಲವು ಅಗ್ಗದ ಪವರ್ ಪ್ಯಾಕುಗಳಲ್ಲಿ ಸಿಲಿಂಡರಿನ ಮುಂದೆ ಪೈಲಟ್ ಚೆಕ್ ವಾಲ್ವನ್ನೇ (ಎಣ್ಣೆಯನ್ನು ಹಿಡಿದಿಟ್ಟು, ವಾಪಸಾಗುವಾಗ ಇನ್ನೊಂದು ಲೈನಿನ ಒತ್ತಡದಿಂದ ತೆರೆಯುವ ಚೆಕ್ ವಾಲ್ವ್) ಕೊಟ್ಟಿರುವುದಿಲ್ಲ, ಸ್ಪೂಲ್ ಎಂಬ ಉರುಳೆ ಜಾರಿ ಎಣ್ಣೆಯ ದಿಕ್ಕು ಬದಲಿಸುವ ಡೈರೆಕ್ಷನ್ ವಾಲ್ವ್ ಮಾತ್ರ ಇರುತ್ತದೆ. ಸ್ಪೂಲ್ ಸರಾಗವಾಗಿ ಜಾರಲು ಕೆಲವು ಮೈಕ್ರಾನ್‌ನಷ್ಟು ಸಂದು ಬೇಕೇ ಬೇಕು, ಆ ಸಂದಿನಲ್ಲಿ ಎಣ್ಣೆ ಜಿನುಗುತ್ತಲೇ ಇರುತ್ತದೆ. ನಿಮ್ಮದು ಅಂಥದ್ದಾದರೆ ಎಷ್ಟು ಪಂಪ್ ಬದಲಿಸಿದರೂ ನಿಲ್ಲದು, ಪೈಲಟ್ ಚೆಕ್ ವಾಲ್ವ್ ಸೇರಿಸಲೇಬೇಕು.

ಎಲ್ಲ ಸರಿಯಾದ ಮೇಲೂ ಮುಳ್ಳು ತುಸು ಇಳಿದರೆ ಗಾಬರಿಯಾಗಬೇಡಿ. ಗಟ್ಟಿ ಪೈಪಿನಲ್ಲಿ ಸಿಕ್ಕಿಕೊಂಡ ಎಣ್ಣೆ ಒಂದೇ ಡಿಗ್ರಿ ತಣ್ಣಗಾದರೂ ಒತ್ತಡ ಹತ್ತು ಬಾರಿನ ಆಸುಪಾಸು ಬೀಳುತ್ತದೆ. ಆದರೆ 150ರಿಂದ 60 ಎಂದರೆ ಅದು ತಣ್ಣಗಾದದ್ದಲ್ಲ.

ಪಂಪನ್ನು ದೂರಬೇಕಾದದ್ದು ಮೋಟರ್ ಓಡುವಾಗಲೇ ಒತ್ತಡ ಏರದಿದ್ದರೆ, ಅಥವಾ ಎಣ್ಣೆ ಬಿಸಿಯಾದಂತೆ ಒತ್ತಡ ಕುಗ್ಗುತ್ತಾ ಹೋದರೆ. ಆಗಲೂ ಸಕ್ಷನ್ ಸ್ಟ್ರೈನರ್ (ಪಂಪ್ ಎಣ್ಣೆ ಹೀರುವ ಕಡೆಯ ಜಾಲರಿ), ರಿಲೀಫ್ ವಾಲ್ವ್ (ಹೆಚ್ಚಾದ ಒತ್ತಡ ಬಿಡುವ ವಾಲ್ವ್) ಮತ್ತು ಮೋಟರ್ ತಿರುಗುವ ದಿಕ್ಕು ನೋಡಿದ ಮೇಲೆಯೇ. ಲೈನ್ ರಿಪೇರಿಯಾದಾಗ ಫೇಸ್ ಅದಲುಬದಲಾಗಿ ಮೋಟರ್ ಉಲ್ಟಾ ತಿರುಗುವುದೂ ಉಂಟು.

ಹಳೆಯ ಪಂಪಿನೊಳಗೆ ಸ್ವಲ್ಪ ಶುದ್ಧ ಎಣ್ಣೆ ಬಿಟ್ಟು, ಎರಡೂ ಬಾಯಿಗೆ ಮುಚ್ಚಳ ಹಾಕಿ, ಬಟ್ಟೆ ಸುತ್ತಿ ಎತ್ತಿಡಿ. ಗುಜರಿಗೆ ಹಾಕಬೇಡಿ.