ಫಿಲ್ಟರ್‌ನಲ್ಲಿ ಟ್ರಾನ್ಸಾಕ್ಷನ್: ಪೇಜ್ ಮೊದಲೋ, ಕಮಿಟ್ ಮೊದಲೋ?

ಪ್ರಶ್ನೆ: ನಮ್ಮದು ಜಾವಾ, ಹೈಬರ್ನೇಟ್ (ಡೇಟಾಬೇಸ್‌ಗೆ ಓದಿ ಬರೆಯುವ ಲೈಬ್ರರಿ), ಜೆಎಸ್‌ಪಿಯಲ್ಲಿ (ಪೇಜ್ ತಯಾರಿಸುವ ಟೆಂಪ್ಲೇಟ್) ಕಟ್ಟಿದ ಆನ್‌ಲೈನ್ ಅಂಗಡಿ. ಡೇಟಾಬೇಸ್ ಪೋಸ್ಟ್‌ಗ್ರೆಸ್. ಮೊದಲು ಪ್ರತಿ ಮೆಥಡ್‌ನಲ್ಲೂ ಟ್ರಾನ್ಸಾಕ್ಷನ್ (ಒಟ್ಟಿಗೇ ಆಗಬೇಕಾದ ಡೇಟಾಬೇಸ್ ಕೆಲಸಗಳ ಗುಂಪು) ಶುರು ಮಾಡುವ ಬಿಗಿನ್, ಅದನ್ನು ಖಾಯಂ ಮಾಡುವ ಕಮಿಟ್ ಬರೆಯುತ್ತಿದ್ದೆವು. ಈಗ ಒಂದು ಸರ್ವ್ಲೆಟ್ ಫಿಲ್ಟರ್ (ರಿಕ್ವೆಸ್ಟ್‌ಗಳು ಹಾದುಹೋಗುವ ಕೋಡ್) ಹಾಕಿ, ಪ್ರತಿ ರಿಕ್ವೆಸ್ಟ್‌ಗೂ ಅಲ್ಲೇ ಟ್ರಾನ್ಸಾಕ್ಷನ್ ಶುರು ಮಾಡಿ ಅಲ್ಲೇ ಮುಗಿಸುತ್ತೇವೆ. ಕೋಡ್ ಚೊಕ್ಕವಾಯಿತು. ಆದರೆ ಒಮ್ಮೊಮ್ಮೆ ‘ಆರ್ಡರ್ ಆಯಿತು’ ಅಂತ ಪೇಜ್ ಬರುತ್ತದೆ, ಡೇಟಾಬೇಸ್‌ನಲ್ಲಿ ಆರ್ಡರ್ ಇರುವುದಿಲ್ಲ. ಜನ ಜಾಸ್ತಿ ಬಂದಾಗ ಇಡೀ ಸೈಟೇ ನಿಂತುಬಿಡುತ್ತದೆ. ಫಿಲ್ಟರ್ ತೆಗೆಯಬೇಕಾ?

ಉತ್ತರ: ಆರ್ಡರ್, ಪೇಮೆಂಟ್‌ನಂಥ ಕೆಲಸಗಳ ಟ್ರಾನ್ಸಾಕ್ಷನ್‌ಅನ್ನು ಫಿಲ್ಟರ್‌ನಿಂದ ಹೊರಗೆ ತನ್ನಿ. ಆರ್ಡರ್ ಬರೆಯುವುದು, ಸ್ಟಾಕ್ ಇಳಿಸುವುದು ಎರಡೂ ಒಟ್ಟಿಗೇ ಆಗಬೇಕು, ಇಲ್ಲವೇ ಎರಡೂ ಆಗಬಾರದು ಎಂಬ ನಿಮ್ಮ ಯೋಚನೆ ಸರಿಯಾಗೇ ಇದೆ. ತೊಂದರೆ ಇರುವುದು ಕಮಿಟ್ ಆಗುವ ಜಾಗದಲ್ಲಿ.

ನಿಮ್ಮ ಫಿಲ್ಟರ್ ಮಾಡುವುದನ್ನು ಹತ್ತಿರದಿಂದ ನೋಡೋಣ. ಟ್ರಾನ್ಸಾಕ್ಷನ್ ಶುರು, ಆಮೇಲೆ ರಿಕ್ವೆಸ್ಟನ್ನು ಮುಂದಕ್ಕೆ ಕಳಿಸುವ ‘ಚೈನ್.ಡೂಫಿಲ್ಟರ್’, ಆಮೇಲೆ ಕಮಿಟ್. ಆ ನಡುವಿನ ಒಂದೇ ಸಾಲಿನಲ್ಲಿ ನಿಮ್ಮ ಇಡೀ ಅಪ್ಲಿಕೇಶನ್ ಓಡುತ್ತದೆ, ಜೆಎಸ್‌ಪಿ ಕೂಡ. ಜೆಎಸ್‌ಪಿಗೆ ಫಾರ್ವರ್ಡ್ ಮಾಡಿದರೆ, ಫಾರ್ವರ್ಡ್ ಮುಗಿಯುವ ಮುಂಚೆಯೇ ಉತ್ತರವನ್ನು ಕಳಿಸಿ ಮುಚ್ಚಬೇಕು ಅಂತ ಸರ್ವ್ಲೆಟ್ ನಿಯಮವೇ ಹೇಳುತ್ತದೆ. ಅಂದರೆ ಕಮಿಟ್ ಸಾಲು ಬರುವ ಹೊತ್ತಿಗೆ ‘ಆರ್ಡರ್ ಆಯಿತು’ ಗ್ರಾಹಕರ ಕಡೆಗೆ ಹೊರಟಾಗಿದೆ.

ಇತ್ತ ಹೈಬರ್ನೇಟ್ ಎಷ್ಟೋ ಇನ್ಸರ್ಟ್, ಅಪ್‌ಡೇಟ್‌ಗಳನ್ನು ಕಮಿಟ್ ಆಗುವ ತನಕ ತನ್ನಲ್ಲೇ ಇಟ್ಟುಕೊಂಡಿರುತ್ತದೆ. ಸ್ಟಾಕ್ ಸೊನ್ನೆಗಿಂತ ಕೆಳಗಿಳಿಯಬಾರದು ಅಂತ ಟೇಬಲ್‌ಗೆ ನೀವು ಚೆಕ್ ಹಾಕಿದ್ದರೆ, ಅದು ತಪ್ಪು ಹಿಡಿಯುವುದೂ ಆ ಕೊನೇ ಗಳಿಗೆಯಲ್ಲೇ. ಎಲ್ಲವೂ ರೋಲ್‌ಬ್ಯಾಕ್ ಆಗುತ್ತದೆ, ಅಂದರೆ ರದ್ದಾಗುತ್ತದೆ, ಆದರೆ ಪೇಜನ್ನು ವಾಪಸ್ ಕರೆಯಲು ಆಗುವುದಿಲ್ಲ. ಕಮಿಟ್ ಸೋತ ದಿನ ಮಾತ್ರ ಇದು ಕಾಣುವುದರಿಂದ ‘ಒಮ್ಮೊಮ್ಮೆ’ ಅನ್ನಿಸುತ್ತದೆ, ಅಷ್ಟೆ.

ಇದರ ಅಣ್ಣನಂಥ ಇನ್ನೊಂದು ಅಪಾಯವಿದೆ. ಒಳಗಿನ ಯಾವುದೋ ಕೋಡ್ ಎಕ್ಸೆಪ್ಶನ್ (ಓಡುವಾಗ ಬರುವ ಎರರ್) ಹಿಡಿದು, ಚಂದದ ಎರರ್ ಪೇಜ್ ತೋರಿಸಿ ಸುಮ್ನಾದರೆ ಫಿಲ್ಟರ್‌ಗೆ ಏನೂ ಗೊತ್ತಾಗುವುದಿಲ್ಲ. ಅದು ಅರ್ಧ ಕೆಲಸವನ್ನೇ ಕಮಿಟ್ ಮಾಡಿಬಿಡಬಹುದು. ಆರ್ಡರ್ ಇದೆ, ಸ್ಟಾಕ್ ಇಳಿದಿಲ್ಲ! ಇದನ್ನು ಆಮೇಲೆ ಹುಡುಕುವುದು ನಿಜಕ್ಕೂ ಕಷ್ಟ. ಹಾಗಾಗಿ ನಿಮ್ಮ ಕ್ಯಾಚ್ ಬ್ಲಾಕ್‌ಗಳನ್ನೆಲ್ಲ ಒಮ್ಮೆ ತೆರೆದು ನೋಡಿ.

ಸೈಟ್ ನಿಲ್ಲುವುದಕ್ಕೆ ಬಹುಶಃ ಕನೆಕ್ಷನ್ ಪೂಲ್ (ಹಂಚಿಕೊಂಡು ಬಳಸುವ ಡೇಟಾಬೇಸ್ ಕನೆಕ್ಷನ್‌ಗಳ ಗುಂಪು) ಕಾರಣ. ಹಿಕಾರಿ ಎಂಬ ಪೂಲ್ ಲೈಬ್ರರಿಯಲ್ಲಿ ಏನೂ ಬದಲಿಸದಿದ್ದರೆ ಸಿಗುವುದು 10 ಕನೆಕ್ಷನ್. ಪೇಮೆಂಟ್ ಗೇಟ್‌ವೇ ಉತ್ತರಕ್ಕೆ ಕಾಯುವಷ್ಟು ಹೊತ್ತೂ ಪ್ರತಿ ಗ್ರಾಹಕರ ರಿಕ್ವೆಸ್ಟ್ ಒಂದೊಂದನ್ನು ಹಿಡಿದು ಕೂತಿರುತ್ತದೆ. 11ನೆಯವರು 30 ಸೆಕೆಂಡ್ ಕಾದು ಎರರ್ ನೋಡುತ್ತಾರೆ. ಆ ಹೊತ್ತಿನಲ್ಲಿ ಪೋಸ್ಟ್‌ಗ್ರೆಸ್‌ನ ಕನೆಕ್ಷನ್‌ಗಳು ಏನು ಮಾಡುತ್ತಿವೆ ಅಂತ ತೋರಿಸುವ ‘ಪಿಜಿ_ಸ್ಟ್ಯಾಟ್_ಆಕ್ಟಿವಿಟಿ’ ತೆರೆಯಿರಿ. ‘ಐಡಲ್ ಇನ್ ಟ್ರಾನ್ಸಾಕ್ಷನ್’ (ಟ್ರಾನ್ಸಾಕ್ಷನ್ ತೆರೆದು ಸುಮ್ಮನೆ ಕೂತಿದೆ) ಅಂತ ಸಾಲುಸಾಲು ಕಂಡರೆ ಅನುಮಾನವೇ ಬೇಡ. ಫಿಲ್ಟರ್ ಎಲ್ಲ ವಿಳಾಸಗಳಿಗೂ ಹಾಕಿದ್ದರೆ ಚಿತ್ರ, ಸಿಎಸ್‌ಎಸ್ ಫೈಲ್‌ಗೂ ಟ್ರಾನ್ಸಾಕ್ಷನ್ ತೆರೆಯುತ್ತಿರುತ್ತದೆ. ಅದನ್ನು ಇವತ್ತೇ ನಿಲ್ಲಿಸಿ.

ಈಗ ಬದಲಾವಣೆ. ‘ಆರ್ಡರ್ ಹಾಕು’ ಎಂಬ ಸರ್ವಿಸ್ ಮೆಥಡ್‌ನ ಸುತ್ತ ಟ್ರಾನ್ಸಾಕ್ಷನ್ ಇರಲಿ. ಆ ಮೆಥಡ್‌ನಿಂದ ಹೊರಬರುವಾಗಲೇ ಕಮಿಟ್ ಆಗಿರಬೇಕು, ಜೆಎಸ್‌ಪಿ ಏನಿದ್ದರೂ ಆಮೇಲೆ. ಪೇಜ್‌ಗೆ ಬೇಕಾದ ಡೇಟಾವನ್ನು ಸರ್ವಿಸ್‌ನಲ್ಲೇ ಓದಿಕೊಳ್ಳಿ. ಇಲ್ಲದಿದ್ದರೆ ಜೆಎಸ್‌ಪಿಯಲ್ಲಿ ಲೇಜಿ ಇನಿಷಿಯಲೈಸೇಶನ್ ಎಕ್ಸೆಪ್ಶನ್ (ಇನ್ನೂ ಓದಿರದ ಡೇಟಾವನ್ನು ಹೈಬರ್ನೇಟ್ ಸೆಶನ್ ಮುಚ್ಚಿದ ಮೇಲೆ ಕೇಳಿದರೆ ಬರುವ ಎರರ್) ಎದುರಾಗುತ್ತದೆ. ಜಾವಾ ಫ್ರೇಮ್‌ವರ್ಕ್ ಆದ ಸ್ಪ್ರಿಂಗ್ ಬಳಸುವುದಾದರೆ ‘ಟ್ರಾನ್ಸಾಕ್ಷನಲ್’ ಅನೊಟೇಶನ್ ಈ ಕೆಲಸ ಮಾಡುತ್ತದೆ. ಆದರೆ ಚೆಕ್ಡ್ ಎಕ್ಸೆಪ್ಶನ್ (ಹಿಡಿಯಲೇಬೇಕು ಅಥವಾ ಘೋಷಿಸಲೇಬೇಕು ಅಂತ ಜಾವಾ ಕಂಪೈಲರ್ ಹಟ ಹಿಡಿಯುವಂಥದ್ದು) ಬಂದರೆ ಅದು ತಾನಾಗಿ ರೋಲ್‌ಬ್ಯಾಕ್ ಮಾಡುವುದಿಲ್ಲ, ಬೇಕು ಅಂತ ನೀವೇ ಹೇಳಬೇಕು. ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜ್ಯಾಂಗೋದಲ್ಲಿ ಇಂಥದ್ದೇ ಕೆಲಸ ಮಾಡುವ ‘ಅಟಾಮಿಕ್ ರಿಕ್ವೆಸ್ಟ್ಸ್’ ಕೂಡ ಇಡೀ ರಿಕ್ವೆಸ್ಟನ್ನು ಸುತ್ತುವುದಿಲ್ಲ. ಅದು ಸುತ್ತುವುದು ವ್ಯೂ (ರಿಕ್ವೆಸ್ಟ್‌ಗೆ ಉತ್ತರ ಕೊಡುವ ಕೋಡ್) ಒಂದನ್ನೇ, ಫಿಲ್ಟರ್‌ನಂಥ ಮಿಡಲ್‌ವೇರ್ ಹೊರಗೇ ಇರುತ್ತದೆ.

ಪೇಮೆಂಟ್‌ಅನ್ನು ಮಾತ್ರ ಎರಡು ಟ್ರಾನ್ಸಾಕ್ಷನ್‌ಗೆ ಒಡೆಯಿರಿ. ಮೊದಲನೆಯದರಲ್ಲಿ ಆರ್ಡರ್‌ಅನ್ನು ‘ಪೇಮೆಂಟ್ ಬಾಕಿ’ ಅಂತ ಬರೆದು ಕಮಿಟ್ ಮಾಡಿ. ಯಾವ ಟ್ರಾನ್ಸಾಕ್ಷನ್ನೂ ತೆರೆದಿಲ್ಲದಾಗ ಗೇಟ್‌ವೇ ಕರೆಯಿರಿ. ಉತ್ತರ ಬಂದ ಮೇಲೆ ಎರಡನೆಯದರಲ್ಲಿ ಸ್ಥಿತಿ ಬದಲಿಸಿ, ಅದು ಕಮಿಟ್ ಆದ ಮೇಲೆಯೇ ಇಮೇಲ್ ಕಳಿಸಿ. ನಡುವೆ ಸರ್ವರ್ ಬಿದ್ದರೂ ‘ಬಾಕಿ’ ಸಾಲು ಉಳಿದಿರುತ್ತದೆ. ಹಣ ಬಂತಾ ಅಂತ ಗೇಟ್‌ವೇಯನ್ನೇ ಕೇಳಿ ಸರಿಪಡಿಸಬಹುದು.